ಸೀಮೆಸುಣ್ಣದಲ್ಲಿ ಬರೆದ ಒಂದು ತಪ್ಪು

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಹೋಗುವಾಗ, ಊರು ಮುಗಿಯುವ ಹೊತ್ತಿಗೆ ಎಡಗಡೆ ತಗಡಿನ ಮಾಡಿನ ಒಂದು ಶೆಡ್ಡು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ, ಯಾವತ್ತೂ ಇರಲಿಲ್ಲ. ಹಳೇ ಜೀಪುಗಳಿಗೆ ದೊಡ್ಡ ಟೈರು ಹಾಕಿಸಬೇಕು ಅನ್ನುವವರೆಲ್ಲ ದಾರಿ ಕೇಳಿಕೊಂಡು ಅಲ್ಲಿಗೇ ಬರುತ್ತಿದ್ದರು. ಅದನ್ನು ನಡೆಸುತ್ತಿದ್ದ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತವರು ಎದ್ದಿಲ್ಲ. ನಾನು ಆಗ ಇಲಾಖೆಯ ತರಬೇತಿಗೆಂದು ಬೇರೆ ಊರಲ್ಲಿದ್ದೆ, ವಿಷಯ ತಿಳಿಯುವಾಗ ಎರಡು ವಾರ ಕಳೆದಿತ್ತು. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಶೆಡ್ಡಿನ ಹಿಂದಿನ ಗೋಡೆ. ಆ ಗೋಡೆಯ ಮೇಲೆ ಒಂದು ಸಾಲು ಸುಳ್ಳಿತ್ತು. ಬರೆದದ್ದು ಅವರು, ಸುಳ್ಳು ನನ್ನದು. ಏಳು ವರ್ಷದಿಂದ ಅದನ್ನು ತಿದ್ದಬೇಕು ತಿದ್ದಬೇಕು ಅಂದುಕೊಂಡು ತಿದ್ದದೇ ಉಳಿದಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೋರ್ಡು ಹಾಕಿಸಿ ಅಂದವರಿಗೆ "ಗಾಡಿ ಸರಿ ಇದ್ರೆ ನನ್ನ ಹೆಸರು ಯಾಕ್ರೀ ಬೇಕು? ಕೆಟ್ರೆ ಹುಡುಕ್ಕೊಂಡು ಬರ್ತೀರಲ್ಲ" ಅನ್ನುತ್ತಿದ್ದರು. ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ತೊಗರ್ಸಿ ಕಡೆಯ ರೈತರ ಮನೆಯವರು. ಕುಳ್ಳಗೆ, ಕಿವಿಯ ಮೇಲೆ ಕೂದಲು ಬೆಳೆದಿದ್ದ ಮನುಷ್ಯ. ಎಡಗಿವಿಯ ಹಿಂದೆ ಒಂದು ಸೀಮೆಸುಣ್ಣದ ತುಂಡು ಸದಾ ಇರುತ್ತಿತ್ತು, ಎಷ್ಟೋ ಸಲ ಅದನ್ನು ಮರೆತು ಹಾಗೇ ಮದುವೆಮನೆಗೂ ಬಂದದ್ದುಂಟು.

ನಾನು ದನದ ಡಾಕ್ಟರು, ಊರವರ ಬಾಯಲ್ಲಿ ಡಾಕ್ಟ್ರಮ್ಮ. ಆಗ ನನ್ನ ಆಸ್ಪತ್ರೆ ಇದ್ದದ್ದು ಸೊರಬ ತಾಲ್ಲೂಕಿನ ಒಳಗೆ, ಕ್ಯಾಸನೂರಿನ ಆಚೆಈಚೆ. ಕಾಡಂಚಿನ ಕೇರಿಗಳಿಗೆ ಕರೆದಾಗ ಹೋಗಬೇಕು. ಸ್ಕೂಟರು ಅರ್ಧ ದಾರಿಗೇ ಕೈಮುಗಿಯುತ್ತಿತ್ತು. ಅದಕ್ಕೇ ನನ್ನದೇ ಅಂತ ಒಂದು ಹಳೇ ಜೀಪು ತೆಗೆದುಕೊಂಡೆ. ಒಂದು ಸಲ ಅದು ಏರಿನಲ್ಲಿ ಹೊಟ್ಟೆ ತಾಗಿಸಿಕೊಂಡು ನಿಂತುಬಿಟ್ಟಿತು, ನಾನು ನಡೆದು ಹೋಗುವಷ್ಟರಲ್ಲಿ ಒಂದು ಎಮ್ಮೆ, ಕರುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸತ್ತಿತು. ಆ ಮನೆಯ ಹೆಂಗಸು ನನ್ನನ್ನು ಬೈಯಲಿಲ್ಲ, ಕೈತೊಳೆಯಲು ನೀರು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಮಾರನೆ ದಿನವೇ ಮೇಸ್ತ್ರಿಯ ಶೆಡ್ಡಿಗೆ ಹೋಗಿ, ಇದಕ್ಕೆ ದೊಡ್ಡ ಟೈರು ಬೇಕು, ಇವತ್ತೇ ಬೇಕು ಅಂದೆ.

ಅವರು ಟೈರಿನ ಕಡೆ ನೋಡಲೇ ಇಲ್ಲ. ನನ್ನ ಕಾಲಿನ ಕಡೆ ನೋಡಿದರು.

"ಗಾಡಿ ಎಲ್ಲಿಂದ ಬಂತ್ರೀ?"

"ಕ್ಯಾಸನೂರು ಕಡೆಯಿಂದ."

"ಹಂಗಾದ್ರೆ ತೊಳ್ದು ಬಿಸಿಲಲ್ಲಿ ನಿಲ್ಸಿ ಹೋಗ್ರಿ. ನಾಳೆ ಬರ್ರಿ."

ಆ ಕಡೆಯ ಕಾಡಿನ ಉಣ್ಣೆ ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆಂದು ದನದ ಡಾಕ್ಟರಾದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಜೀಪಿನ ಅಡಿಗೆ ಸಿಕ್ಕಿಕೊಂಡ ತರಗೆಲೆಯಲ್ಲೂ ಅದು ಬರಬಹುದು ಅಂತ ನಾನು ಯೋಚಿಸಿರಲಿಲ್ಲ. ಕಾಡಿನ ಕಡೆಯಿಂದ ಬಂದ ಯಾವ ಗಾಡಿಯನ್ನೂ ಅವರು ಒಂದು ಹಗಲು ಬಿಸಿಲಲ್ಲಿ ನಿಲ್ಲಿಸದೆ ಮುಟ್ಟುತ್ತಿರಲಿಲ್ಲ. ಅವಸರದವರು ಬೈದುಕೊಂಡು ಬಸ್ಸು ಹತ್ತುತ್ತಿದ್ದರು. ನಾನೂ ಬೈದುಕೊಂಡೇ ಹತ್ತಿದೆ.

ಮಾರನೆ ದಿನ ಅವರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ನಾನು ದಿನಾ ಹೋಗುವ ದಾರಿಯಲ್ಲೇ ಜೀಪು ಓಡಿಸಿದರು. ಇದು ಅವರ ಪದ್ಧತಿ. ಗಾಡಿಯ ಮಾಲೀಕ ಯಾವ ದಾರಿಯಲ್ಲಿ ಹೋಗುತ್ತಾನೋ ಆ ದಾರಿಯನ್ನು ತಾನು ನೋಡದೆ ಸ್ಪ್ಯಾನರು ಹಿಡಿಯುತ್ತಿರಲಿಲ್ಲ. ಬರುವಾಗ ಗುಡವಿಯ ಕೆರೆ ಏರಿಯ ಮೇಲೆ ನಿಲ್ಲಿಸಿ ಹಕ್ಕಿ ನೋಡುತ್ತಾ ಕೂತರು. ಕಾಡಂಚಿನ ಮೂರು ಮನೆಯವರು ನನಗಾಗಿ ಕಾಯುತ್ತಿದ್ದಾರೆ, ಇವರು ಹಕ್ಕಿ ನೋಡುತ್ತಿದ್ದಾರೆ ಅಂತ ನನಗೆ ಮೈಯೆಲ್ಲ ಉರಿಯಿತು.

"ಅದು ಇಳಿಯೋದು ನೋಡ್ರಿ," ಅಂದರು. "ಕಾಲು ಮೊದಲೇ ಚಾಚ್ತದೆ, ಕೊಂಬೆ ಸಿಕ್ಕ ಕೂಡ್ಲೆ ಮಡಚ್ತದೆ. ಮೈ ಅಲ್ಲಾಡಲ್ಲ. ನಿಮ್ಮ ಗಾಡಿ ಕಾಲು ಮಡಚಲ್ಲ ಡಾಕ್ಟ್ರೇ. ಅದಕ್ಕೇ ಮೈಯೆಲ್ಲಾ ಅಲ್ಲಾಡ್ತದೆ. ಟೈರ್ ದೊಡ್ಡದು ಹಾಕಿದ್ರೆ ಇನ್ನೂ ಜಾಸ್ತಿ ಅಲ್ಲಾಡ್ತದೆ, ಅಷ್ಟೆ."

ಆಮೇಲೆ ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಮೊದಲು ಆಕ್ಸಲ್. ಟೈರು ದೊಡ್ಡದಾದಷ್ಟೂ ಅದನ್ನು ತಿರುಗಿಸುವ ಆಕ್ಸಲ್ಲಿನ ಮೇಲೆ ಭಾರ ಬೀಳುತ್ತದೆ, ಹಳೆಯದು ಮುರಿಯುತ್ತದೆ, ಹಾಗಾಗಿ ದಪ್ಪನೆಯದು ಬೇಕು. ಅದರೊಳಗಿನ ಹಲ್ಲಿನ ಚಕ್ರವೂ ಬದಲಾಗಬೇಕು, ಇಲ್ಲದಿದ್ದರೆ ಏರಿನಲ್ಲಿ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಆಮೇಲೆ ಕಮಾನು ಪಟ್ಟಿ, ಅಂದರೆ ಗಾಡಿಯ ಭಾರ ಹೊತ್ತು ಬಾಗುವ ಉಕ್ಕಿನ ಪಟ್ಟಿಗಳ ಕಟ್ಟು. ಆಮೇಲೆ ಕುಲುಕು ತಡೆಯುವ ಶಾಕಪ್ಪು. ಆಮೇಲೆ ಬ್ರೇಕಿನ ರಬ್ಬರ್ ಪೈಪು, ಚಕ್ರ ಕೆಳಗೆ ಜಗ್ಗಿದಾಗ ಎಳೆಯಬಾರದು, ಮೇಲೆ ಬಂದಾಗ ಟೈರಿಗೆ ತಾಗಬಾರದು. ಟೈರು ಕೊನೆಗೆ.

"ಎಲ್ಲಾರೂ ಮೊದ್ಲು ಟೈರ್ ತರ್ತಾರ್ರಿ. ಫೋಟೋದಾಗೆ ಆಕ್ಸಲ್ ಕಾಣಲ್ವಲ್ಲ."

ಅದು ನನಗೇ ಹೇಳಿದ್ದು ಅಂತ ಗೊತ್ತಾಯಿತು. ನನ್ನ ಜೊತೆಯ ಒಬ್ಬ ಡಾಕ್ಟರು ತನ್ನ ಗಾಡಿಗೆ ಎದೆಮಟ್ಟದ ಟೈರು ಹಾಕಿಸಿ ಫೋಟೋ ಕಳಿಸಿದ್ದ. ಎಮ್ಮೆಯ ಸಂಕಟ ನಿಜವೇ, ಆದರೆ ಆ ಫೋಟೋದ ಸಂಕಟವೂ ಸ್ವಲ್ಪ ಇತ್ತು.

ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಶೆಡ್ಡಿನ ಮುಂದೆ ಅವರು ಒಂದು ರೋಣಗಲ್ಲು ಹೂತಿದ್ದರು. ಹಿಂದೆ ಕಣದಲ್ಲಿ ಎತ್ತಿಗೆ ಕಟ್ಟಿ ಭತ್ತದ ಮೇಲೆ ಉರುಳಿಸುತ್ತಿದ್ದ ಕಲ್ಲು, ತೊಗರ್ಸಿಯ ಮನೆಯಿಂದ ತಂದದ್ದು. ಮುಂದಿನ ಒಂದು ಚಕ್ರವನ್ನು ಅದರ ಮೇಲೆ ಹತ್ತಿಸುವುದು. ಉಳಿದ ಮೂರು ಚಕ್ರ ನೆಲದ ಮೇಲಿರುವಂತೆ ಕಂಡರೂ ಅವರು ನಂಬುತ್ತಿರಲಿಲ್ಲ. ಹತ್ತಿಸುವ ಮೊದಲೇ ಅವು ಬಂದು ನಿಲ್ಲುವ ಜಾಗದಲ್ಲಿ ಒಂದೊಂದು ಹಾಳೆ ನ್ಯೂಸ್ ಪೇಪರು ಹಾಸಿ, ಆಮೇಲೆ ಒಂದೊಂದನ್ನೇ ಎಳೆದು ನೋಡುತ್ತಿದ್ದರು. ಪೇಪರು ಹರಿದರೆ ಆ ಚಕ್ರ ನೆಲಕ್ಕೆ ಊರಿದೆ ಅಂತ ಲೆಕ್ಕ. ಹರಿಯದೆ ಹಾಗೇ ಜಾರಿ ಬಂದರೆ ಗಾಡಿ ಮತ್ತೆ ಒಳಗೆ. ಕಮಾನಿನ ಒಂದು ಪಟ್ಟಿ ತೆಗೆ, ಇನ್ನೊಂದು ಹಾಕು, ಮತ್ತೆ ಕಲ್ಲಿನ ಮೇಲೆ ಹತ್ತಿಸು. ಮೂರೂ ಪೇಪರು ಚೂರಾದ ದಿನ ಅವರು ಆ ಚೂರುಗಳನ್ನು ಜೇಬಿಗೆ ಹಾಕಿಕೊಂಡು, ಹೋಟೆಲಿನಿಂದ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸುತ್ತಿದ್ದರು.

ಕಾಯುವವರು ಓದಲಿ ಅಂತಲೋ ಏನೋ, ಹಿಂದಿನ ಗೋಡೆಯ ತುಂಬ ತಮ್ಮ ತಪ್ಪುಗಳನ್ನು ಕೆಂಪು ಪೇಂಟಿನಲ್ಲಿ ಬರೆದಿದ್ದರು. "ಮೆಕ್ಕೆಜೋಳದ ಸಾಹುಕಾರರ ಜೀಪು. ಹಿಂದಿನ ಕಮಾನಿಗೆ ಒಂದು ಪಟ್ಟಿ ಜಾಸ್ತಿ. ಹಿಂದೆ ಕೂತವರಿಗೆ ಸೊಂಟ ನೋವು. ನನ್ನ ತಪ್ಪು." "ಹಸಿರು ಜೀಪು. ಬಲಗಡೆ ನಟ್ಟು ಬಿಗಿ ಮಾಡಿದ್ದು ನೋಡಿದೆ, ಎಡಗಡೆ ನೋಡಲಿಲ್ಲ. ನನ್ನ ತಪ್ಪು." ಹೀಗೆ ಹದಿನೈದಿಪ್ಪತ್ತು ಸಾಲು. ಇದನ್ನು ಓದಿದರೆ ಗಿರಾಕಿ ಓಡಿಹೋಗುತ್ತಾನೆ ಅಂತ ಬೇರೆ ಮೆಕ್ಯಾನಿಕ್ಕುಗಳು ನಗುತ್ತಿದ್ದರು. ಮೇಸ್ತ್ರಿಯೂ ನಗುತ್ತಿದ್ದರು. "ನಾನು ಮರೀತೀನ್ರಿ. ಗೋಡೆ ಮರೆಯಲ್ಲ," ಅನ್ನುತ್ತಿದ್ದರು.

ನನ್ನ ಜೀಪನ್ನು ಅವರು ಪರೀಕ್ಷೆ ಮಾಡಿದ್ದು ತಮ್ಮಲ್ಲೇ ಇಟ್ಟುಕೊಂಡಿದ್ದ ಮೂವತ್ತೊಂದು ಇಂಚಿನ ಹಳೇ ಟೈರು ಹಾಕಿ. ಎಲ್ಲ ಸರಿ ಬಂದ ಮೇಲೆ ಅವನ್ನು ಬಿಚ್ಚಿಕೊಂಡು, ನನ್ನ ಸವೆದ ಟೈರುಗಳನ್ನೇ ಹಾಕಿ, ಒಂದು ಚೀಟಿಯಲ್ಲಿ 31 ಅಂತ ಬರೆದು ಕೊಟ್ಟರು. "ಶಿವಮೊಗ್ಗದಾಗೆ ಹಾಕ್ಸಿ ಸೀದಾ ಇಲ್ಲಿಗೇ ಬರ್ರಿ. ಒಂದ್ಸಲ ಕಲ್ಲ ಮೇಲೆ ಹತ್ತಿಸಿ ಕಳಿಸ್ತೀನಿ."

ಅಂಗಡಿಯಲ್ಲಿ ಮೂವತ್ತೊಂದರ ಪಕ್ಕದಲ್ಲೇ ಮೂವತ್ತಮೂರು ನಿಲ್ಲಿಸಿದ್ದರು. ಹಲ್ಲು ದಪ್ಪ, ಮೈ ಕಪ್ಪಗೆ ಹೊಳೆಯುತ್ತಿತ್ತು. ಎರಡಿಂಚು ಏನು ಮಹಾ, ಅಷ್ಟೂ ಲೆಕ್ಕ ಹಾಕಿ ಕೊಡುವ ಮೇಸ್ತ್ರಿ ಎರಡಿಂಚು ಹೆಚ್ಚುಕಡಿಮೆ ಇಟ್ಟೇ ಇರುತ್ತಾರೆ ಅಂದುಕೊಂಡೆ. ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಮೂವತ್ತಮೂರು ಹಾಕಿಸಿದೆ, ಒಂದು ಫೋಟೋ ತೆಗೆದೆ, ಆ ಡಾಕ್ಟರಿಗೆ ಕಳಿಸಿದೆ. ಮೇಸ್ತ್ರಿಯ ಹತ್ತಿರ ಹೋದರೆ ಬೈಸಿಕೊಳ್ಳಬೇಕು ಅಂತ ಸೀದಾ ಮನೆಗೆ ಹೋದೆ.

ಮೂರನೇ ದಿನ ಬೆಳಿಗ್ಗೆ ಕಾಡಂಚಿನ ಒಂದು ಕೇರಿಯಿಂದ ಕರೆ ಬಂತು. ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆ ಅಂದರು. ಹಿಂದೆ ಹೊಟ್ಟೆ ತಾಗಿದ್ದ ಏರನ್ನು ಜೀಪು ಸರಾಗವಾಗಿ ಹತ್ತಿತು. ನಾನು ಒಬ್ಬಳೇ ಜೋರಾಗಿ ನಕ್ಕೆ. ಆಚೆ ಇಳಿಜಾರಿನಲ್ಲಿ ಎರಡು ತಿರುವಿದೆ. ಮೊದಲನೆಯದರಲ್ಲಿ ಸ್ಟೇರಿಂಗ್ ಪೂರ್ತಿ ಎಳೆದಾಗ ಎಲ್ಲೋ ಉಜ್ಜಿದ ಸದ್ದು ಕೇಳಿಸಿತು. ಎರಡನೆಯದರಲ್ಲಿ ಬ್ರೇಕು ಒತ್ತಿದರೆ ಕಾಲು ಸೀದಾ ತಳಕ್ಕೆ ಹೋಯಿತು. ಆಮೇಲಿನದೆಲ್ಲ ಒಂದು ಗಳಿಗೆಯ ಮಾತು. ಬಿದಿರುಮೆಳೆಯೊಳಗೆ ನುಗ್ಗಿ ಜೀಪು ನಿಂತಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಚೀಲ ಹೊತ್ತು ನಡೆದು ಹೋಗಿ ಕರು ತೆಗೆದೆ. ತಾಯಿ, ಕರು ಎರಡೂ ಬದುಕಿದವು. ವಾಪಸ್ ಏರು ಹತ್ತಿ, ಸಿಗ್ನಲ್ ಸಿಗುವ ಕಡೆ ನಿಂತು ಮೇಸ್ತ್ರಿಗೆ ಫೋನು ಮಾಡಿದೆ.

"ನಿಮಗೇನೂ ಆಗಿಲ್ಲ ತಾನೆ?" ಅಂದರು ಮೊದಲು. ಇಲ್ಲ ಅಂದೆ.

"ಟೈರ್ ಎಷ್ಟು ಹಾಕ್ಸಿದ್ರಿ?"

"ನೀವು ಹೇಳಿದ್ದೇ."

ಎರಡು ಸಲ ಯೋಚಿಸಿ ಹೇಳಿದ್ದಲ್ಲ. ಹೋಂವರ್ಕ್ ಮಾಡದ ಮಕ್ಕಳ ಬಾಯಿಂದ ಬರುತ್ತದಲ್ಲ, ಹಾಗೆ ಬಂದುಬಿಟ್ಟಿತು. ಬೈಗುಳ ತಪ್ಪಿಸಿಕೊಳ್ಳುವುದು ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ.

ಅವರು ತಮ್ಮ ಮೊಪೆಡ್ಡಿನಲ್ಲಿ ಅಷ್ಟು ದೂರ ಬಂದರು. ಚೀಲದಲ್ಲಿ ಹೊಸ ಪೈಪು, ಬ್ರೇಕ್ ಆಯಿಲ್. ಬಂದವರೇ ಜೀಪಿನ ಕೆಳಗೆ ಮಲಗಿದರು. ಯಾವ ಗಾಡಿಯನ್ನೂ ಬಿಸಿಲಲ್ಲಿ ನಿಲ್ಲಿಸದೆ ಮುಟ್ಟದ ಮನುಷ್ಯ ಕಾಡಿನ ತರಗೆಲೆಯ ಮೇಲೇ ಬೆನ್ನು ಕೊಟ್ಟು ಮಲಗಿದ್ದರು. ಉಣ್ಣೆ ಕಚ್ಚದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯನ್ನು ನಾನು ಕೊಟ್ಟರೆ ಅದನ್ನೂ ತೆಗೆದುಕೊಳ್ಳಲಿಲ್ಲ.

"ಟೈರ್ ಪೈಪನ್ನ ತಿಂದೈತ್ರಿ," ಅಂದರು ಕೆಳಗಿನಿಂದ. ಹರಿದ ಪೈಪನ್ನು ಬಿಚ್ಚುತ್ತಾ, "ಟೈರು ದೊಡ್ಡದಾಗಿ ಕಾಣ್ತದಲ್ಲ?"

"ಕೆಸರು ಮೆತ್ತಿದೆಯಲ್ಲ ಮೇಸ್ತ್ರಿ, ಅದಕ್ಕೆ."

ಟೈರಿನ ಮಗ್ಗುಲಲ್ಲಿ ಅದರ ಅಳತೆ ಉಬ್ಬಕ್ಷರದಲ್ಲಿ ಇರುತ್ತದೆ. ಅಂಗೈಯಷ್ಟು ಕೆಸರು ಒರೆಸಿದ್ದರೆ ಸಾಕಿತ್ತು. ಅವರ ಕೈ ಅದರ ಪಕ್ಕದಲ್ಲೇ ಇತ್ತು. ನೆಲಕ್ಕೆ ಊರಿದ ಚಕ್ರವನ್ನೂ ಪೇಪರು ಹಾಕಿ ಪರೀಕ್ಷೆ ಮಾಡುತ್ತಿದ್ದವರು ನನ್ನ ಮಾತನ್ನು ಪರೀಕ್ಷೆ ಮಾಡಲಿಲ್ಲ. ಡಾಕ್ಟ್ರು ಹೇಳಿದ ಮೇಲೆ ಮುಗಿಯಿತು. ಹೊಸ ಪೈಪು ಹಾಕಿ, ಎದ್ದು ಬೆನ್ನು ಕೊಡವಿಕೊಂಡು, ನನ್ನ ತರಚಿದ ಮೊಣಕೈ ನೋಡಿ "ನನ್ನಿಂದ ತಪ್ಪಾತ್ರಿ" ಅಂದರು.

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಆ ವಾರವೇ ಶಿವಮೊಗ್ಗಕ್ಕೆ ಹೋಗಿ ಮೂವತ್ತಮೂರನ್ನು ಕೊಟ್ಟು ಮೂವತ್ತೊಂದು ಹಾಕಿಸಿಕೊಂಡು ಬಂದೆ. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆ. ಸರಿಹೋಗಿದ್ದು ನನಗೆ ಮಾತ್ರ. ಮೇಸ್ತ್ರಿ ಜೀಪು ತರಲು ಹೇಳಿ ಎರಡು ದಿನ ಅದನ್ನು ಕಲ್ಲಿನ ಮೇಲೆ ಹತ್ತಿಸಿ ಇಳಿಸಿದರು. ಎಡ ಚಕ್ರ, ಬಲ ಚಕ್ರ, ಸ್ಟೇರಿಂಗ್ ಆ ಕಡೆ ಪೂರ್ತಿ, ಈ ಕಡೆ ಪೂರ್ತಿ. ಪೈಪಿಗೂ ಟೈರಿಗೂ ಮಧ್ಯೆ ಬೆರಳಿಟ್ಟು ನೋಡಿದರು, ಬೆರಳು ಆರಾಮಾಗಿ ಆಡುತ್ತಿತ್ತು.

"ತಾಗ್ತಾನೇ ಇಲ್ವಲ್ರೀ," ಅಂದರು. ಆ ಧ್ವನಿ ನನಗೆ ಇನ್ನೂ ಕೇಳಿಸುತ್ತದೆ. "ಹೆಂಗ್ ತಿಂತು ಅದು?"

ಅವತ್ತು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಇಬ್ಬರು ಗಿರಾಕಿಗಳು ಬಂದರು, ಬಾಯಿ ಮುಚ್ಚಿದೆ. ಹೋಗುವಾಗ ನೋಡಿದರೆ ಗೋಡೆಯ ಮೂಲೆಯಲ್ಲಿ ಹೊಸ ಸಾಲು ಬಂದಿತ್ತು, ಸೀಮೆಸುಣ್ಣದಲ್ಲಿ. "ಡಾಕ್ಟ್ರಮ್ಮನ ಜೀಪು. ಬ್ರೇಕ್ ಪೈಪು ಹರಿದಿದ್ದು. ನನ್ನ ತಪ್ಪು. ಎಲ್ಲಿ ಅಂತ ಗೊತ್ತಾಗಿಲ್ಲ."

ಗೊತ್ತಿರುವ ತಪ್ಪುಗಳ ಜೊತೆ ಅವರು ಸಲೀಸಾಗಿ ಬದುಕಿದ್ದರು. ಈ ಗೊತ್ತಿಲ್ಲದ ಒಂದು ತಪ್ಪು ಅವರನ್ನು ಕೆಡಿಸಿತು. ಎರಡು ತಿಂಗಳ ಕೆಲಸಕ್ಕೆ ಮೂರು ತಿಂಗಳು ತೆಗೆದುಕೊಳ್ಳತೊಡಗಿದರು. ಬಿಗಿ ಮಾಡಿದ ನಟ್ಟನ್ನು ಬಿಚ್ಚಿ ಮತ್ತೆ ಬಿಗಿ ಮಾಡುವರು. ಇಳಿಜಾರಿನ ಕಡೆಯವರು ಯಾರಾದರೂ ಟೈರಿನ ಕೆಲಸ ತಂದರೆ "ನನ್ನ ಲೆಕ್ಕ ಎಲ್ಲೋ ತಪ್ತೈತ್ರಿ, ಬೇರೆ ಕಡೆ ಕೇಳ್ರಿ" ಅಂದು ಕಳಿಸುವರು. ಒಂದು ಸಲ ನನ್ನೆದುರಿಗೇ ಹಾಗೆ ಕಳಿಸಿದರು. ಅವತ್ತೂ ನಾನು ಚಹಾ ಕುಡಿದು ಎದ್ದು ಬಂದೆ. ವರ್ಷ ಕಳೆದಷ್ಟೂ ಹೇಳುವುದು ಸುಲಭವಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ನನಗೆ ಶಿಕಾರಿಪುರಕ್ಕೇ ವರ್ಗವಾದ ಮೇಲಂತೂ ವಾರಕ್ಕೆರಡು ಸಲ ಆ ಶೆಡ್ಡಿನ ಮುಂದೆ ಹೋಗುತ್ತಿದ್ದೆ. ಅವರು ಕೈ ಎತ್ತುತ್ತಿದ್ದರು, ನಾನು ಹಾರ್ನ್ ಹೊಡೆಯುತ್ತಿದ್ದೆ. ನಾಚಿಕೆಗೇಡು, ಬೇರೆ ಮಾತು ನನಗೆ ಸಿಗುವುದಿಲ್ಲ.

ಮೊನ್ನೆ ಕೊನೆಗೂ ಹೋದೆ. ಅವರ ಮಗಳು ಮೊದಲಿಂದಲೂ ಪಕ್ಕದಲ್ಲೇ ಗಾಡಿ ಸಾಮಾನಿನ ಅಂಗಡಿ ನಡೆಸುತ್ತಿದ್ದವಳು, ಈಗ ಶೆಡ್ಡನ್ನೂ ನೋಡಿಕೊಳ್ಳುತ್ತಿದ್ದಾಳೆ. ಒಳಗೆ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ಮೂರು ಗೋಡೆ ಬೆಳ್ಳಗಾಗಿದ್ದವು. ಹಿಂದಿನ ಗೋಡೆಯನ್ನು ಮುಟ್ಟಿರಲಿಲ್ಲ.

"ಇದನ್ನ ಹಂಗೇ ಬಿಡ್ತೀನಿ ಡಾಕ್ಟ್ರೇ," ಅಂದಳು. "ಆದ್ರೆ ನಿಮ್ಮ ಸಾಲಿಗೆ ಏನ್ ಮಾಡ್ಬೇಕು ತಿಳೀತಿಲ್ಲ. ಮಳೆಗಾಲದಾಗೆ ಗೋಡೆ ತೇವ ಆಗಿ ಅಳಿಸಿ ಹೋಗ್ತಿತ್ತು. ಅಪ್ಪ ಪ್ರತಿ ವರ್ಷ ಮತ್ತೆ ಬರಿಯೋರು. ಪೇಂಟಲ್ಲೇ ಬರೀಯಪ್ಪ ಅಂದ್ರೆ, ಇನ್ನೂ ಕಾರಣ ಸಿಕ್ಕಿಲ್ಲಮ್ಮ, ಸಿಕ್ಕ ದಿನ ಪೇಂಟಲ್ಲಿ ಬರೀತೀನಿ ಅನ್ನೋರು. ಇದು ಈ ವರ್ಷ ಬರ್ದಿದ್ದು."

ಅಕ್ಷರ ಸ್ವಲ್ಪ ನಡುಗಿತ್ತು, ಮಾತು ಮಾತ್ರ ಅದೇ. ಏಳು ವರ್ಷ ಅವರು ಹುಡುಕುತ್ತಲೇ ಇದ್ದರು. ಉತ್ತರ ವಾರಕ್ಕೆರಡು ಸಲ ಹಾರ್ನ್ ಹೊಡೆದುಕೊಂಡು ಅವರ ಮುಂದೆಯೇ ಹೋಗುತ್ತಿತ್ತು. ನನಗೆ ಅಳು ಬಂತು. ಅಳುತ್ತಲೇ ಅವಳಿಗೆ ಎಲ್ಲ ಹೇಳಿದೆ. ಚೀಟಿ, ಅಂಗಡಿ, ಮೂವತ್ತಮೂರು, ಫೋನಿನಲ್ಲಿ ಹೇಳಿದ್ದು, ಕೆಸರಿನ ಮಾತು, ಆಮೇಲೆ ಸದ್ದಿಲ್ಲದೆ ಬದಲಾಯಿಸಿದ್ದು.

ಅವಳು ಎದ್ದು ತನ್ನ ಅಂಗಡಿಯೊಳಗೆ ಹೋದಳು. ಇನ್ನು ಹೊರಡಿ ಅನ್ನುತ್ತಾಳೆ ಅಂತ ನಾನು ಚಪ್ಪಲಿಗೆ ಕಾಲು ತೂರಿಸಿದೆ. ಅವಳು ಒಂದು ಒದ್ದೆ ಬಟ್ಟೆ, ಕೆಂಪು ಪೇಂಟಿನ ಡಬ್ಬಿ, ಬ್ರಷ್ಷು ಹಿಡಿದು ಬಂದಳು.

"ಒರೆಸ್ರಿ. ನೀವೇ ಬರೀರಿ."

ಅವರ ಅಕ್ಷರ ಒರೆಸುವುದು ನಾನು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟದ್ದು. ಒರೆಸಿ, ಗೋಡೆ ಆರುವವರೆಗೆ ಕಾದು ಬರೆದೆ. "ಡಾಕ್ಟ್ರಮ್ಮನ ಜೀಪು. ಬ್ರೇಕ್ ಪೈಪು ಹರಿದಿದ್ದು. ಹೇಳಿದ್ದಕ್ಕಿಂತ ದೊಡ್ಡ ಟೈರು ಹಾಕಿಸಿ ಮೇಸ್ತ್ರಿಗೆ ಸುಳ್ಳು ಹೇಳಿದ್ದು. ನನ್ನ ತಪ್ಪು."

ಅವಳು ಓದಿದಳು. "ಸೈಜು ಬರೀರಿ ಡಾಕ್ಟ್ರೇ. ಓದಿದೋರಿಗೆ ಉಪಯೋಗ ಆಗ್ಬೇಕು."

ಕೆಳಗೆ ಬರೆದೆ. 31ರ ಬದಲು 33.

ಬ್ರಷ್ಷು ವಾಪಸ್ ಕೊಟ್ಟು ಹೊರಗೆ ಬಂದೆವು. ಜೀಪು ರೋಣಗಲ್ಲಿನ ಪಕ್ಕದಲ್ಲೇ ನಿಂತಿತ್ತು, ಹಳ್ಳಿ ರಸ್ತೆಯ ಕೆಸರು ಮೆತ್ತಿಕೊಂಡಿತ್ತು. ಅವಳು ಅದರ ಟೈರಿನ ಕಡೆ ನೋಡಿದಳು.

"ಈಗ ಎಷ್ಟೈತ್ರಿ?"

"ಮೂವತ್ತೊಂದು," ಅಂದೆ.

ಅವಳು ಬಗ್ಗಿ, ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಟೈರಿನ ಮಗ್ಗುಲಿನ ಕೆಸರು ಒರೆಸಿ, ಅಳತೆಯನ್ನು ತಾನೇ ಓದಿದಳು.